ಮಾದರಿ ತೋಟಾ

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ವರ್ನ್ ಹಾಗ್‌ಸ್ಟಾಡ್ ತನ್ನ ರೈಫಲ್ಲಿನ ನಳಿಗೆಯನ್ನು ಕೂಸಿನಂತೆ ಎತ್ತಿಕೊಂಡು ಮೊಂಟಾನಾದ ಬಿಟರ್‌ಕ್ರೀಕ್ ಠಾಣೆಗೆ ಬಂದ. ದೂರು ಕೇಳಿದ ಡೆಪ್ಯುಟಿ ಡ್ವೇನ್ ನಗು ತಡೆಯಲಾರದೆ ಕಿಟಕಿಯತ್ತ ತಿರುಗಿದ. ಇನ್‌ಸ್ಪೆಕ್ಟರ್ ಲೋರ್ನಾ ಪೆಟ್ರಾಕ್ ನಗಲಿಲ್ಲ. ಅವಳ ಅಪ್ಪನೂ ಮನೆಯಲ್ಲೇ ಹಿತ್ತಾಳೆ ಕೊಳವೆಗೆ ಮದ್ದು ತುಂಬಿ, ಬಾಯಿಗೆ ಗುಂಡು ಕೂರಿಸಿ ತೋಟಾ ಕಟ್ಟುತ್ತಿದ್ದವನು.

ಶನಿವಾರ ರಾಜ್ಯ ಶೂಟಿಂಗ್ ತಂಡದ ಆಯ್ಕೆ ಪಂದ್ಯವಿತ್ತು. ವರ್ನ್ ಗುರಿಯಿಟ್ಟಿದ್ದಾಗ ಬಯಲಿಗೆ ಜಿಂಕೆಯೊಂದು ನುಗ್ಗಿ, ನಿಲ್ಲಿಸಿ ಎಂಬ ಕೂಗು ಬಿತ್ತು. ನಿಯಮದಂತೆ ಅವನು ತೋಟಾ ಹೊರಗೆಳೆದ. ಬಂದದ್ದು ಬರೀ ಹಿತ್ತಾಳೆ ಕೊಳವೆ. ಗುಂಡು ನಳಿಗೆಯಲ್ಲೇ ಕಚ್ಚಿಕೊಂಡಿತ್ತು, ಮದ್ದೆಲ್ಲ ಚೆಲ್ಲಿತ್ತು. ಅದನ್ನು ತೆಗೆಯಹೋಗಿ ನಳಿಗೆಯೂ ಹಾಳಾಯಿತು, ತಂಡವೂ ಕೈತಪ್ಪಿತು.

"ಯಾರೋ ನಾನು ತೋಟಾ ಕಟ್ಟೋ ಶೆಡ್‌ಗೆ ನುಗ್ಗಿ ಗುಂಡು ಕೂರಿಸೋ ಅಚ್ಚು, ಆ ಡೈ ತಿರುಗಿಸಿದಾರೆ ಮೇಡಂ. ಗುಂಡು ಕೊಳವೆಯೊಳಗೆ ಇಳೀಬೇಕಾದಷ್ಟು ಇಳಿದಿಲ್ಲ, ತೋಟಾ ಉದ್ದವಾಗಿ ನಳಿಗೆಗೆ ಸಿಕ್ಕಿಕೊಂಡಿದೆ."

"ನೀವಲ್ದೆ ಇನ್ಯಾರು ಅಲ್ಲಿ ತೋಟಾ ಕಟ್ತಾರೆ?"

"ಯಾರೂ ಇಲ್ಲ. ನನ್ನ ಗುಂಡು ನಾನೇ ಕೂರಿಸೋದು. ಊರಿಗೇ ಗೊತ್ತು."

ದೂರು ದಾಖಲಾಯಿತು. ಹನ್ನೊಂದಕ್ಕೆ ಸ್ಥಳ ಮಹಜರು. ಶೆಡ್ಡಿನ ಬೀಗ ಒಡೆದಿರಲಿಲ್ಲ. ಡೈ ಹೊಂದಿಸಿಕೊಳ್ಳಲೆಂದು ತೋಟಾ ಕಟ್ಟುವವರೆಲ್ಲರೂ ಇಟ್ಟುಕೊಳ್ಳುವ, ಮದ್ದಿಲ್ಲದ ಮಾದರಿ ತೋಟಾ ಕಪಾಟಿನಲ್ಲಿತ್ತು. ಲೋರ್ನಾ ಅದನ್ನು ಹೋದ ವರ್ಷದಿಂದ ಉಳಿದಿದ್ದ ಸರಿಯಾದ ತೋಟಾದ ಪಕ್ಕದಲ್ಲಿಟ್ಟು ಅಳೆದಳು. ಮಾದರಿಯೂ ಅದಕ್ಕಿಂತ ಉದ್ದವಾಗಿತ್ತು.

"ಮಾಡಿದವನು ಇದರ ಗುಂಡನ್ನೂ ಹೊರಗೆಳೆದಿದಾನೆ ಡ್ವೇನ್. ಯಾವುದನ್ನ ನೋಡಿ ಡೈ ಸರಿ ಇದೆ ಅಂತಾರೋ ಅದನ್ನೇ ಕೆಡಿಸಿದಾನೆ. ಹೊರಗಿನವನಿಗೆ ಇದು ಹೊಳೆಯಲ್ಲ."

ಡ್ವೇನ್ ಈಗ ನಗಲಿಲ್ಲ.

"ಯಜಮಾನ್ರೇ, ಒಂದು ಗುಂಡು ಕೂರಿಸಿ ತೋರಿಸಿ," ಎಂದಳು ಲೋರ್ನಾ.

ವರ್ನ್ ಕೊಳವೆಯ ಬಾಯಿಗೆ ಗುಂಡಿಟ್ಟ. ಊದಿಕೊಂಡ ಗಂಟಿನ ಬೆರಳುಗಳಿಗೆ ಹಿಡಿತ ಸಿಗದೆ ಗುಂಡು ಉರುಳಿತು. ಮತ್ತೆ ಇಟ್ಟ, ಮತ್ತೆ ಉರುಳಿತು. ನೋಡಲು ಲೋರ್ನಾಗೆ ಸಂಕಟವಾಯಿತು. ಆದರೂ ಕೇಳಲೇಬೇಕಿತ್ತು.

"ಕಟ್ಟೋದು ನೀವೊಬ್ರೇ ಅಂದ್ರೆ ಕೆಡಿಸಿದ್ದೂ ನೀವೇ ಆಗ್ಬೇಕು. ಆಗ ಸುಳ್ಳು ದೂರು ಅಂತ ನಿಮ್ಮ ಮೇಲೇ ಕೇಸು. ಇಲ್ಲಾಂದ್ರೆ ಇನ್ನೊಂದು ಹೆಸರು ಹೇಳಿ."

ತಂಡ ಕೈತಪ್ಪಿದಾಗಲೂ ಅವನ ಮುಖ ಇಷ್ಟು ಇಳಿದಿರಲಾರದು.

"ತಮ್ಮ. ಓರಿನ್. ನನ್ನ ಕೈ ಹೀಗಾದಾಗಿಂದ ಎಲ್ಲಾ ಅವನೇ ಕಟ್ಟೋದು."

ಬೀದಿಯಾಚೆಯ ಮನೆಯಲ್ಲಿ ಓರಿನ್ ಕೋಟು ಹಾಕಿಕೊಂಡೇ ಕಾಫಿ ಕುಡಿಯುತ್ತಿದ್ದ.

"ಇಷ್ಟೊತ್ತಾಯ್ತಾ ಬರೋಕೆ?"

"ಯಾಕಪ್ಪಾ ಹೀಗ್ಮಾಡ್ದೆ?" ಎಂದಳು ಲೋರ್ನಾ.

"ಹೋದ ತಿಂಗಳು ಶೂಟಿಂಗ್ ಕ್ಲಬ್ ಊಟದಲ್ಲಿ ಅಣ್ಣ ಗೆದ್ದ ಕಪ್ ಎತ್ಕೊಂಡು ಹೇಳ್ದ, ಒಂದೊಂದು ಗುಂಡೂ ನಾನೇ ಕೂರಿಸಿದ್ದು ಅಂತ. ಎದುರಿಗೇ ಕೂತು ಚಪ್ಪಾಳೆ ತಟ್ಟಿದೆ, ಏನ್ಮಾಡ್ಲಿ? ಗುಂಡು ಅತ್ತಿತ್ತ ಬಿದ್ದು ಒಂದ್ಸಲ ಸೋಲ್ಲಿ ಅನ್ಕೊಂಡೆ, ಅಷ್ಟೇ. ಆ ಜಿಂಕೆ ಬರುತ್ತೆ, ಹಾರಿಸದೇ ತೋಟಾ ಎಳೀಬೇಕಾಗುತ್ತೆ ಅಂತ ನಾನೇನು ಕನಸು ಕಂಡಿದ್ನಾ?"

ಹಕ್ಕುಗಳನ್ನು ಓದಿ ಹೇಳಿ ಬಂಧಿಸಿದರು. ಕೈಕೋಳ ಬೇಡವೆಂದಳು ಲೋರ್ನಾ.

ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವಾಗ ತೆರೆದ ಬಾಗಿಲಾಚೆಯ ಬೆಂಚಿನಲ್ಲಿ ವರ್ನ್ ಕೂತಿದ್ದ.

"ಆ ತೋಟಾಗಳಿಗೆ ಗುಂಡು ಕೂರಿಸಿದ್ದು ಯಾರು?"

"ಓರಿನ್ ಹಾಗ್‌ಸ್ಟಾಡ್," ಎಂದ ಓರಿನ್, ಬಾಗಿಲಿನಾಚೆಗೂ ಕೇಳುವಂತೆ. "ಹೆಸರು ಸರಿಯಾಗಿ ಬರ್ಕೊಳ್ಳಿ."

ವರ್ನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತ.

"ಹೌದು ಮೇಡಂ. ಕಪ್ ಗೆದ್ದ ತೋಟಾನೂ ಅವನೇ ಕಟ್ಟಿದ್ದು. ಅದನ್ನೂ ಬರ್ಕೊಳ್ಳಿ."

ಕೇಸಿಗೆ ಅದು ಬೇಕಿರಲಿಲ್ಲ. ಲೋರ್ನಾ ಬರೆದುಕೊಂಡಳು.