ಆರ್ಡಿಸಳ ನೆಲಮಾಳಿಗೆಯ ಐದು ಲಕೋಟೆಗಳು

ಆರ್ಡಿಸ್ ಕೋನಿಗ್‌ಗೆ ನೆನಪಿನ ಶಕ್ತಿ ಇರಲಿಲ್ಲ. ಆಟ ನಡೆಸುವವಳಿಗೆ ಅದು ದೊಡ್ಡ ಕೊರತೆ. ಹನ್ನೆರಡು ವರ್ಷದಿಂದ ಪ್ರತಿ ಶನಿವಾರ ರಸೀನ್ ಊರಿನ ತನ್ನ ಮನೆಯ ನೆಲಮಾಳಿಗೆಯಲ್ಲಿ ಆಕೆ ನಮಗೆ ಒಂದು ಲೋಕವನ್ನು ಹೇಳುತ್ತಿದ್ದಳು. ನಾವು ಐವರು ಮೇಜಿನ ಸುತ್ತ ಕೂತು ವೀರರೋ ಕಳ್ಳರೋ ಆಗಿ ಮಾತಿನಲ್ಲೇ ಅದರೊಳಗೆ ತಿರುಗುತ್ತಿದ್ದೆವು. ಶತ್ರುಗಳ ದಾಳವನ್ನು ಆಕೆ ರಟ್ಟಿನ ಪರದೆಯ ಹಿಂದೆ ಎಸೆಯುತ್ತಿದ್ದಳು. ಎಷ್ಟು ಬಿತ್ತೆಂದು ಆಕೆ ಹೇಳಿದರೆ ಮುಗಿಯಿತು, ಯಾರೂ ಇಣುಕಿ ನೋಡುತ್ತಿರಲಿಲ್ಲ. ಆದರೆ ಹೋದ ವಾರದ ರಾಜನ ಹೆಸರು ಈ ವಾರ ಆಕೆಗೆ ಹೊಳೆಯುತ್ತಿರಲಿಲ್ಲ. ಹಾಗಾಗಿ ಎಲ್ಲವನ್ನೂ ಬರೆದಿಡುತ್ತಿದ್ದಳು, ಕಪಾಟು ತುಂಬಿ ಮೆಟ್ಟಿಲ ಕೆಳಗೂ ಪೆಟ್ಟಿಗೆಗಳು ಬಂದಿದ್ದವು.

ಸೆಪ್ಟೆಂಬರಿನಲ್ಲಿ ಇದನ್ನೆಲ್ಲ ಕಂಪ್ಯೂಟರಿಗೆ ಹಾಕೋಣ ಎಂದಾಯಿತು. ಯಾವ ಸಾಫ್ಟ್‌ವೇರ್ ಎಂಬುದರ ಮೇಲೆ ಜಗಳವೂ ಆಯಿತು.

"ನೆಟ್‌ನಲ್ಲಿ ಇಟ್ರೆ ಕಂಪನಿ ಮುಚ್ಚಿದ ದಿನ ನಿನ್ನ ಲೋಕಾನೂ ಮುಚ್ಚುತ್ತೆ, ಆರ್ಡಿಸ್. ಮನೆ ಕಂಪ್ಯೂಟರಲ್ಲೇ ಇರೋ ಸಾಫ್ಟ್‌ವೇರ್ ತಗೋ," ಎಂದ ಗೋರ್ಡಿ ವೆಂಜೆಲ್. ಲಾರಿಗಳ ಬ್ರೇಕ್ ರಿಪೇರಿ ಮಾಡುವವನು. ಆಟದಲ್ಲಿ ನಮ್ಮ ಮುಂದಾಳು ವೀರ. ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಸಾಯದವನು ಅವನೊಬ್ಬನೇ.

"ನಿಂದು ಬರೀ ಒಣ ಕಡತ ಕಣೋ," ಎಂದಳು ದಾದಿ ಮಾಯ್ ಸೀ ವಾಂಗ್. "ನಾನು ಹೇಳೋದ್ರಲ್ಲಿ ನಕ್ಷೆ ಮೇಲೆ ಬೆರಳಿಟ್ರೆ ಊರಿನ ಚರಿತ್ರೆನೇ ಎದ್ದು ಬರುತ್ತೆ."

"ಅವಳಿಗೆ ಬೇಕಾಗಿರೋದು ಹುಡುಕೋಕೆ ಒಂದು ಜಾಗ, ಜಾತ್ರೆ ಅಲ್ಲ," ಎಂದ ಗಣಿತದ ಮೇಷ್ಟ್ರು ರಸ್ ಡೆಮ್ಸ್ಕಿ, ಮೂರನೆಯದನ್ನು ಮುಂದಿಟ್ಟು.

ಕೊನೆಗೆ ಮೂರನ್ನೂ ಪರೀಕ್ಷಿಸುವುದೆಂದಾಯಿತು. ಅವರವರದನ್ನು ಅವರೇ ಖಾತೆ ತೆರೆದು ಆರ್ಡಿಸಳಿಗೆ ಹೊಂದಿಸಿಕೊಟ್ಟರು. ಆಕೆ ಒಂದೇ ಬರಹಗಳನ್ನು ಮೂರಕ್ಕೂ ತುಂಬಿದಳು. ಗುಟ್ಟಿನ ಪುಟಗಳಿಗೆ ಬೀಗ ಹಾಕಿ, ಆಟಗಾರನ ಖಾತೆಯಿಂದ ನೋಡಲು ನನಗೆ ಹೇಳಿದಳು. ಮೂರರಲ್ಲೂ ನನಗೆ ಏನೂ ಕಾಣಲಿಲ್ಲ. "ಭದ್ರವಾಗಿದೆ," ಎಂದು ನಾನೇ ಹೇಳಿದೆ.

ಆ ಚಳಿಗಾಲ ಆಟದಲ್ಲಿ ನಮಗೆ ಒಳ್ಳೆಯದಾಗಲಿಲ್ಲ. ಗಣಿಯ ಸುರಂಗದಲ್ಲಿ ಗೋರ್ಡಿ ಎಡಕ್ಕೆ ಎಂದ, ಎಲ್ಲರೂ ಗುಂಡಿಗೆ ಬಿದ್ದೆವು. ಮೋಸಗಾರ ಅಂಬಿಗನನ್ನು ಅವನೇ ನಂಬಿದ. "ನಿನ್ನ ಹಿಂದೆ ಬರೋದಕ್ಕಿಂತ ಕುರುಡು ಕುದುರೆ ಹಿಂದೆ ಹೋಗೋದು ವಾಸಿ," ಎಂದು ರಸ್ ರೇಗಿಸುತ್ತಿದ್ದ. ಹಿಮಗಾಳಿಗೆ ಕರೆಂಟು ಹೋದ ಶನಿವಾರ ಮಾತ್ರ ಆರ್ಡಿಸ್ ಮೇಣದಬತ್ತಿ ಹಚ್ಚಿ ಅಲ್ಲೇ ಒಂದು ಗೋಪುರವನ್ನು ಕಟ್ಟಿ ಹೇಳಿದಳು. ಅದನ್ನು ಗೋರ್ಡಿ ಸಲೀಸಾಗಿ ದಾಟಿಸಿದ.

ಜನವರಿಯ ಒಂದು ಶನಿವಾರ ನಾವು ಕೆಳಗಿಳಿದಾಗ ಪ್ರತಿ ಕುರ್ಚಿಯ ಮೇಲೂ ಒಂದು ಲಕೋಟೆ ಇತ್ತು. ಹಿತ್ತಲ ಬಾಗಿಲಿಗೆ ಎಂದೂ ಚಿಲಕವಿಲ್ಲ, ಯಾರು ಬೇಕಾದರೂ ಬಂದು ಹೋಗಬಹುದಿತ್ತು. ನನ್ನದನ್ನು ಒಡೆದೆ. ಅಚ್ಚು ಹಾಕಿದ ಒಂದು ಹಾಳೆ.

"ನೀಲ್. ನಕ್ಷೆ ಚೆನ್ನಾಗಿ ಬಿಡಿಸುತ್ತಾನೆ. ಆಡಲು ಬರುವುದಿಲ್ಲ. ವರ್ನಾಳ ಜೊತೆ ಬರುತ್ತಾನೆಂದು ಸಹಿಸಬೇಕು. ದಾಳ: ಬಿದ್ದದ್ದನ್ನೇ ಹೇಳು."

ರಸ್ ತನ್ನದನ್ನು ಗಟ್ಟಿಯಾಗಿ ಓದಿದ. "'ವಾದದಲ್ಲಿ ಗೆಲ್ಲಲು ಬಿಡು. ಶಾಲೆಯಲ್ಲಿ ಇವನ ಮಾತನ್ನು ಯಾರೂ ಕೇಳುವುದಿಲ್ಲ. ದಾಳ: ಬಿದ್ದದ್ದನ್ನೇ ಹೇಳು.' ವಾ! ತುಂಬಾ ಉಪಕಾರ ಆಯ್ತು."

ಮಾಯ್ ಸೀ ಓದಲಿಲ್ಲ, ಹಾಳೆಯನ್ನು ಮೇಜಿನ ಮೇಲೆ ಎಸೆದಳು. 'ಗಂಡನ ಜೊತೆ ಜಗಳವಾದ ವಾರ ಕೊಲ್ಲಲು ಒಬ್ಬ ರಾಕ್ಷಸನನ್ನು ಕೊಡು' ಎಂದಿತ್ತು. ಕೆಳಗೆ ದಾಳದ ಅದೇ ಸಾಲು. "ಇದನ್ನ ನಿನಗೊಬ್ಬಳಿಗೇ ಹೇಳಿದ್ದೆ ಆರ್ಡಿಸ್. ಅಡುಗೆಮನೇಲಿ. ಅಳ್ತಾ ಹೇಳಿದ್ದೆ."

"ನಂದು ಪರವಾಗಿಲ್ಲ," ಎಂದ ಗೋರ್ಡಿ, ತನ್ನ ಹಾಳೆಯನ್ನು ಮುಂದೆ ತಳ್ಳಿ. "'ಗೋರ್ಡಿ. ಹೊಡೆದಾಟ ಕೊಡು, ಖುಷಿಯಾಗಿರುತ್ತಾನೆ.' ಅಷ್ಟೇ."

ಕ್ರಿಂಗಲ್ ಎಂಬ ಸಿಹಿರೊಟ್ಟಿಯ ತಟ್ಟೆ ಹಿಡಿದು ಮೆಟ್ಟಿಲಲ್ಲಿ ನಿಂತಿದ್ದ ಆರ್ಡಿಸಳ ಮುಖ ಬಿಳಿಚಿಕೊಂಡಿತ್ತು. ಆಟ ನಡೆಸುವವರು ಆಟಗಾರರ ಬಗ್ಗೆ ಹೀಗೆ ಗುರುತು ಹಾಕಿಕೊಳ್ಳುವುದು ಮಾಮೂಲು. ಅವನ್ನು ಆಟಗಾರರು ಓದುವುದು ಮಾಮೂಲಲ್ಲ. ಮೂವರೂ ಹಾಳೆಗಳನ್ನು ಅಲ್ಲೇ ಬಿಟ್ಟು ಎದ್ದು ಹೋದರು.

ಉಳಿದವರು ನಾನು ಮತ್ತು ವರ್ನಾ ಕೊವಾಲ್ಕೆ. ವರ್ನಾ ಮೂವತ್ತು ವರ್ಷ ವಿಮೆ ಕಂಪನಿಗೆ ಪರಿಹಾರದ ಹಣಕ್ಕೆ ಬೇಕೆಂದೇ ಇಟ್ಟ ಬೆಂಕಿಗಳನ್ನು ಪತ್ತೆ ಹಚ್ಚಿಕೊಟ್ಟವಳು. ನಾನು ಆಕೆಯ ಮಹಡಿಯ ಬಾಡಿಗೆದಾರ. ಆಕೆಯ ಹಲವು ಪತ್ತೆಗಳಲ್ಲಿ ಕಾರು ಓಡಿಸಿದವನು. ಆಕೆಯ ಹಾಳೆಯಲ್ಲಿ 'ವಯಸ್ಸಾಯಿತು, ಒಗಟು ಸುಲಭವಿರಲಿ' ಎಂದಿತ್ತು, ಕೆಳಗೆ ದಾಳದ ಅದೇ ಸಾಲು.

"ಯಾರು ಅಂತ ಹುಡುಕಿ ಕೊಡು ವರ್ನಾ," ಎಂದಳು ಆರ್ಡಿಸ್. "ಇಲ್ಲಾಂದ್ರೆ ಪ್ರತಿಯೊಬ್ಬರನ್ನೂ ಅನುಮಾನದಿಂದ ನೋಡ್ಬೇಕಾಗುತ್ತೆ. ಆಮೇಲೆ ಈ ಮೇಜು ಉಳಿಯಲ್ಲ. ನನಗಿರೋದು ಇದೊಂದೇ."

"ಒಗಟು ಸುಲಭ ಇದೆಯೋ ಇಲ್ವೋ ನೋಡ್ತೀನಿ," ಎಂದು ವರ್ನಾ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡಳು. ಮನೆಗೆ ಬಂದು ಆಟದ ದಾರಿಗಳಿಗೆ ನಾನು ಬಿಡಿಸಿಟ್ಟಿದ್ದ ನಕ್ಷೆಗಳನ್ನು ಕೇಳಿದಳು. ಒಂದೊಂದು ಕವಲಿನಲ್ಲೂ ದಾರಿ ಆರಿಸಿದವರು ಯಾರು, ಎಲ್ಲಿ ಬಿದ್ದೆವು ಎಂದು ನನ್ನಿಂದ ಹೇಳಿಸಿದಳು. ಆಮೇಲೆ ಊಟ ಮಾಡಿ ಮಲಗಿದಳು.

ಮುಂದಿನ ಶನಿವಾರ ಎಲ್ಲರನ್ನೂ ಕರೆಸಿದಳು. ಆರ್ಡಿಸ್ ಪರದೆಯ ಹಿಂದೆ ಕೂರದೆ ನಮ್ಮ ನಡುವೆ ಕೂತಳು.

"ಬೀಗ ಆಟಗಾರರನ್ನ ತಡೆಯುತ್ತೆ," ಎಂದು ವರ್ನಾ ಶುರುಮಾಡಿದಳು. "ನೀಲ್ ನೋಡಿದ್ದು ಆಟಗಾರನ ಖಾತೆಯಿಂದ. ಆದ್ರೆ ಖಾತೆ ತೆರೆದುಕೊಟ್ಟವರಿಗೆ ಆ ಬೀಗ ಬೀಗವೇ ಅಲ್ಲ. ಅಂಥವರು ಮೂವರು. ಮಾಯ್ ಸೀ, ರಸ್, ಗೋರ್ಡಿ."

"ಅಂದ್ರೆ ನಾನು ಕಳ್ಳಿನಾ?" ಎಂದಳು ಮಾಯ್ ಸೀ.

"ಸುಮ್ನೆ ಕೂತ್ಕೋಮ್ಮ. ನಮ್ಮಂಥ ಆಟಗಾರರಿಗೆ ಒಂದು ಮರ್ಯಾದೆ ಇದೆ. ಪಾತ್ರಕ್ಕೆ ಗೊತ್ತಿಲ್ಲದ್ದು ನಮಗೆ ಗೊತ್ತಿದ್ರೂ ಆಟದಲ್ಲಿ ಬಳಸಬಾರದು. ಗುಟ್ಟಿನ ಪುಟ ಓದಿದವರಿಗೆ ಗುಂಡಿ ಯಾವ ಕಡೆ ಅಂತ ಗೊತ್ತು. ಆದ್ರೂ ಗೊತ್ತಿಲ್ಲದ ಹಾಗೆ ಆಡ್ಬೇಕು. ಹೇಗೆ ಆಡ್ತಾರೆ?"

"ತಪ್ಪು ಕಡೆ ಹೋಗ್ತಾರೆ," ಎಂದ ರಸ್. ಹೇಳಿದವನೇ ಗೋರ್ಡಿಯ ಕಡೆ ತಿರುಗಿದ.

"ಗೊತ್ತಿಲ್ಲದವನು ಎಡಾನೋ ಬಲಾನೋ ಅಂತ ಆರಿಸಿದ್ರೆ ಆಗಾಗ ಸರಿಯಾಗೂ ಬೀಳ್ತಾನೆ. ಪ್ರತಿ ಸಲವೂ ತಪ್ಪೋದಕ್ಕೆ ಸರಿ ಯಾವುದು ಅಂತ ಗೊತ್ತಿರ್ಬೇಕು. ನೀಲ್ ನಕ್ಷೆ ನೋಡಿದೆ. ಬೇಸಿಗೇಲಿ ಗೋರ್ಡಿ ತಪ್ಪೂ ಆರಿಸಿದ್ದಾನೆ, ಸರೀನೂ ಆರಿಸಿದ್ದಾನೆ. ಸೆಪ್ಟೆಂಬರ್ ಆದ್ಮೇಲೆ ಬರೀ ತಪ್ಪು. ಕರೆಂಟು ಹೋದ ದಿನದ ಗೋಪುರ ಒಂದನ್ನ ಬಿಟ್ಟು. ಅದನ್ನ ಆರ್ಡಿಸ್ ಎಲ್ಲೂ ಬರೆದಿರಲಿಲ್ಲ. ಅವತ್ತು ಅವನು ನಿಜವಾಗ್ಲೂ ಆಟ ಆಡಿದ."

ಗೋರ್ಡಿ ನಕ್ಕ. "ದುರದೃಷ್ಟಕ್ಕೆಲ್ಲ ಗಲ್ಲು ಹಾಕ್ತೀಯೇನಜ್ಜಿ?"

"ಅದೊಂದೇ ಆಗಿದ್ರೆ ಬಿಡ್ತಿದ್ದೆ." ವರ್ನಾ ಐದು ಹಾಳೆಗಳನ್ನೂ ಸಾಲಾಗಿ ಇಟ್ಟಳು. "ನಾಲ್ಕರ ಕೊನೇಲಿ 'ದಾಳ' ಅನ್ನೋ ಸಾಲಿದೆ. ನಿನ್ನದರಲ್ಲಿಲ್ಲ. ನಮ್ಮ ಮಾನ ಪೂರ್ತಿ ಅಚ್ಚು ಹಾಕಿಸಿದವನು ತನ್ನದನ್ನ ಮಾತ್ರ ಕತ್ತರಿಸಿದ್ದಾನೆ. ಆರ್ಡಿಸ್, ಮೂಲ ಪುಟ ತೆಗೆದು ಓದು."

ಆರ್ಡಿಸ್ ಕಂಪ್ಯೂಟರ್ ತೆರೆದಳು, ಓದಲಿಲ್ಲ. ವರ್ನಾ ಅದನ್ನು ತನ್ನ ಕಡೆ ತಿರುಗಿಸಿಕೊಂಡು ತಾನೇ ಓದಿದಳು. "'ಗೋರ್ಡಿ. ಹೊಡೆದಾಟ ಕೊಡು, ಖುಷಿಯಾಗಿರುತ್ತಾನೆ. ಹೆಂಡತಿ ಬಿಟ್ಟು ಹೋದ ಮೇಲೆ ಇವನಿಗೆ ಇದು ಬಿಟ್ಟರೆ ಗತಿಯಿಲ್ಲ. ಸೋತರೆ ಕುಡಿಯುತ್ತಾನೆ. ದಾಳ: ಸಾಯುವಂತೆ ಬಿದ್ದರೆ ಸುಳ್ಳು ಹೇಳು.'"

ಗೋರ್ಡಿಯ ನಗು ಹೋಗಿತ್ತು.

"ಹೌದು, ನಾನೇ," ಎಂದ. "ಎಲ್ಲಾ ಸರಿಯಾಗಿ ಬಂದಿದೆಯಾ ಅಂತ ನೋಡೋಕೆ ತೆರೆದೆ. ನನ್ನ ಹೆಸರು ಕಾಣ್ತು. ನಿಮ್ಮ ಬಗ್ಗೆ ಏನು ಬರೆದಿದ್ದಾಳೆ ಅಂತ ನಿಮಗೂ ಗೊತ್ತಾಗಲಿ ಅನ್ನಿಸ್ತು. ನನ್ನೊಬ್ಬನಿಗೇ ಯಾಕೆ?" ಅವನು ಆರ್ಡಿಸಳ ಕಡೆ ತಿರುಗಿದ. "ಸೇತುವೆ ಮೇಲೆ ಆ ಡ್ರ್ಯಾಗನ್. ಅದರ ಹೊಡೆತ ತಪ್ಪಿತು ಅಂದೆ. ಇವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು. ನಿಜವಾಗ್ಲೂ ತಪ್ಪಿತ್ತಾ?"

"ಇಲ್ಲ," ಎಂದಳು ಆರ್ಡಿಸ್. "ನೀನು ಸತ್ತಿದ್ದೆ."

"ಎಷ್ಟು ಸಲ ಹೀಗೆ?"

"ಬಹಳ ಸಲ."

"ನಾಲ್ಕು ತಿಂಗಳಿಂದ ನಿನ್ನ ಗುಟ್ಟು ಗೊತ್ತಿದ್ದೂ ಒಂದೇ ಒಂದು ಸಲ ಬಳಸಿಲ್ಲ ನಾನು. ಬೇಕಂತ ಗುಂಡಿಗೆ ಬಿದ್ದೆ. ನಾನು ಆಟಕ್ಕೆ ಮೋಸ ಮಾಡಿಲ್ಲ. ನೀನು ಮಾಡಿದೆ."

"ನಮಗೆ ಮಾಡಿದೆಯಲ್ಲೋ," ಎಂದಳು ಮಾಯ್ ಸೀ. ಆಮೇಲೆ ತನ್ನ ಹಾಳೆಯನ್ನು ಎತ್ತಿ ಕೊನೆಯ ಸಾಲನ್ನು ಮತ್ತೆ ನೋಡಿದಳು. "ತೀರಿಹೋದ ನನ್ನ ತಮ್ಮನ ಹೆಸರಿಟ್ಟಿದ್ದೆ ನನ್ನ ಬಿಲ್ಲುಗಾರನಿಗೆ. ಅವನು ಅದೇ ಸೇತುವೆ ಮೇಲೆ ಸತ್ತ, ಆರ್ಡಿಸ್. ಅದು ಬಿದ್ದದ್ದೇ ಹೇಳಿದ್ದಾ?"

"ಬಿದ್ದದ್ದೇ."

"ಗೋರ್ಡಿಗೋಸ್ಕರ ಸುಳ್ಳು ಹೇಳೋಕಾಯ್ತು. ನನ್ನ ತಮ್ಮನಿಗೆ ಆಗಲಿಲ್ಲ."

ಅವಳು ಕೋಟು ತೊಟ್ಟು ಮೆಟ್ಟಿಲು ಹತ್ತಿದಳು. ಗೋರ್ಡಿ ಹಿತ್ತಲ ಬಾಗಿಲಿನಿಂದ ಹೋದ. ರಸ್ ತನ್ನ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಎದ್ದ. ಪತ್ತೆಯಾದರೆ ಮೇಜು ಉಳಿಯುತ್ತದೆಂದು ಆರ್ಡಿಸ್ ನಂಬಿದ್ದಳು. ಪತ್ತೆಯಾಯಿತು.

ಕಾರಿನಲ್ಲಿ ವರ್ನಾ ಹೇಳಿದಳು: "ಹುಡುಕು ಅಂದ್ಳು, ಹುಡುಕಿದೆ. ಬೆಂಕಿ ಇಟ್ಟೋರನ್ನ ಹಿಡಿದುಕೊಟ್ರೆ ಉರಿದ ಮನೆ ವಾಪಸ್ ಬರುತ್ತೆ ಅಂತ ನಾನು ಯಾರಿಗೂ ಬರೆದುಕೊಟ್ಟಿಲ್ಲ."

ಆರ್ಡಿಸ್ ಆ ಮೂರು ಖಾತೆಗಳನ್ನೂ ಅಳಿಸಿದಳು. ಮುಂದಿನ ಶನಿವಾರ ಯಾರೂ ಹೋಗಲಿಲ್ಲ, ನಾನೂ ಹೋಗಲಿಲ್ಲ. ಸಹಿಸಿಕೊಂಡು ಕೂರಿಸಿದ ಕುರ್ಚಿಯಲ್ಲಿ ಮತ್ತೆ ಕೂರುವುದು ನನ್ನಿಂದಾಗಲಿಲ್ಲ. ಕಳೆದುಹೋದದ್ದು ಹನ್ನೆರಡು ವರ್ಷದ ಒಂದು ಆಟ, ನಾಲ್ವರು ಸ್ನೇಹಿತರು.