ಕಲ್ಲಿನೊಳಗಿನ ಕಲಾಯಿ

"ನನ್ನ ತಾಮ್ರಹೀರಿಯ ಒಂದು ಹನಿ ಸಾಕು, ಕೆಂಗುಡ್ಡವೇ ಎದ್ದು ಕೂತು ತನ್ನ ತಾಮ್ರವನ್ನೆಲ್ಲ ಕಕ್ಕಿಬಿಡುತ್ತೆ! ಮೊನ್ನೆ ಸೀಸೆಯ ಮುಚ್ಚಳ ತೆಗೆದೆ ನೋಡಿ, ವಾಸನೆಗೇ ಅರ್ಧ ಗುಡ್ಡ ಬೆವೆತುಹೋಯಿತು!"

ವಿಜ್ಞಾನಿ ಚನ್ನವೀರಯ್ಯ ಹೀಗೆ ಗರ್ಜಿಸುತ್ತಿದ್ದಂತೆ ಕರಗುತೊಟ್ಟಿಯಿಂದ ಆಳೆತ್ತರದ ತಾಮ್ರದ ಹಾಳೆ ಥಳಥಳನೆ ಮೇಲೆದ್ದಿತು. ಜನ ಶಿಳ್ಳೆ ಹಾಕಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಪಾತ್ರೆಗಳಿಗೆ ತವರದ ಕಲಾಯಿ ಹಾಕುವ ಖಾಸಿಂಬಿ.

ಕೆಂಗುಡ್ಡದ ಅದಿರು ಮಹಾ ಹಟಮಾರಿ. ಆಮ್ಲ ಸುರಿದರೆ ಚೂರೇ ಚೂರು ಕರಗಿ, ಕೂಡಲೇ ಮೈಮೇಲೆ ಗಂಧಕದ ಪೊರೆ ಕಟ್ಟಿಕೊಂಡು ಬಾಗಿಲು ಹಾಕಿಬಿಡುತ್ತದೆ. ಆ ಪೊರೆಯನ್ನು ಹರಿದು ತಾಮ್ರವೊಂದನ್ನೇ ಹೀರುವ, ಮಿಕ್ಕದ್ದನ್ನು ಮುಟ್ಟಿಯೂ ನೋಡದ ದ್ರಾವಣವೇ ತನ್ನ ತಾಮ್ರಹೀರಿ ಎಂದು ಚನ್ನವೀರಯ್ಯ ವರ್ಷದಿಂದ ಸಾರುತ್ತಿದ್ದರು. ಗುಡ್ಡ ಸಿಡಿಸಬೇಕಾದರೆ ಅದರ ಬುಡದ ನಲವತ್ತು ಮನೆಗಳು ತೆರವಾಗಬೇಕು. ಒಪ್ಪಿಗೆಯ ಸಹಿ ಈ ಮಧ್ಯಾಹ್ನವೇ. "ಡಾಕ್ಟ್ರು ಸುಳ್ಳು ಹೇಳೋರಲ್ಲ" ಎಂದು ಮನೆಮನೆಗೂ ಹೋಗಿ ಒಪ್ಪಿಸಿದವಳು ಖಾಸಿಂಬಿ. ದ್ರಾವಣ ಕಾಯಿಸಲೆಂದು ಅವರು ಕೇಳಿದಾಗ ಓಣಿಯ ಮದುವೆಗಳಿಗೆಲ್ಲ ಬಿರಿಯಾನಿ ಬೇಯಿಸುತ್ತಿದ್ದ ಆರು ತಾಮ್ರದ ಹಂಡೆಗಳನ್ನೂ ಕೊಟ್ಟಿದ್ದಳು.

"ಹಂಡೆ ಯಾವಾಗ ಕೊಡ್ತೀರಿ, ಡಾಕ್ಟ್ರೇ?"

"ಅವಾ? ಲಂಡನ್ನಿನ ಮ್ಯೂಸಿಯಮ್ಮಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೂತಿವೆ, ಖಾಸಿಂಬಕ್ಕ! ರಾಣಿಯೇ ಬಂದು ನೋಡಿದಳು!"

ಖಾಸಿಂಬಿ ನಕ್ಕಳು. ಗುಡ್ಡದ ಒಂದು ಕಲ್ಲನ್ನು ನೆನಪಿಗೆ ಇಟ್ಟುಕೊಳ್ಳೋಣವೆಂದು, ಪಕ್ಕದಲ್ಲಿ ದ್ರಾವಣ ಬಸಿದು ತೊಳೆದಿಟ್ಟ ಅದಿರಿನ ತೊಟ್ಟಿಗೆ ಕೈ ಹಾಕಿದಳು. ಕಲ್ಲುಗಳು ಹಾಕಿದಂತೆಯೇ ಇದ್ದವು, ಒಂದೂ ಸವೆದಿರಲಿಲ್ಲ. ಅವುಗಳ ನಡುವೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ, ಬೆಳ್ಳಗಿನ ಏನೋ ಬೆರಳಿಗೆ ತಾಗಿತು. ಎತ್ತಿದಳು. ದುಂಡನೆಯ ಅಂಚು, ತಾನೇ ಹತ್ತಿಯುಂಡೆಯಿಂದ ಉಜ್ಜಿದ ಸುತ್ತುಸುತ್ತಿನ ಗೆರೆ, ಅಂಚಿನ ಕೆಳಗೆ ಚುಕ್ಕೆಚುಕ್ಕೆಯಾಗಿ ಅವ್ವನ ಹೆಸರು. ಹಂಡೆ ಇರಲಿಲ್ಲ, ಅದರ ಒಳಮೈಯ ಕಲಾಯಿ ಮಾತ್ರ ಇತ್ತು.

"ಡಾಕ್ಟ್ರೇ, ಗುಡ್ಡದ ಕಲ್ಲಿಗೆ ಕಲಾಯಿ ಹಾಕಿದೋರು ಯಾರು?"

ಚನ್ನವೀರಯ್ಯ ಅದನ್ನು ಇಸಿದುಕೊಳ್ಳಲು ಕೈ ಚಾಚಿದರು. ಖಾಸಿಂಬಿ ಕೊಡಲಿಲ್ಲ.

"ನಿಮ್ಮನ್ನ ನಂಬಿ ನಾನು ನಲವತ್ತು ಮನೀಗೆ ಮಾತು ಕೊಟ್ಟೀನಿ. ಅವರ ಮುಂದೆ ನೀವೇ ಹೇಳ್ರಿ."

ಸಹಿಗೆಂದು ಸಾಲು ನಿಂತಿದ್ದವರೆಲ್ಲ ತಿರುಗಿ ನೋಡಿದರು. ಚನ್ನವೀರಯ್ಯನವರ ದನಿ ಮೊದಲ ಬಾರಿಗೆ ತಗ್ಗಿತು.

"ಕಲ್ಲಿನ ಪೊರೆ ಹರಿಯಲೇ ಇಲ್ಲಮ್ಮ. ವರ್ಷವಿಡೀ ಒಂದು ಚಮಚ ತಾಮ್ರವೂ ಬರಲಿಲ್ಲ. ಈ ಹಾಳೆ ನಿಮ್ಮ ಆರು ಹಂಡೆ ಕರಗಿಸಿ ಮಾಡಿದ್ದು. ಲಂಡನ್ನೂ ಸುಳ್ಳು, ರಾಣಿಯೂ ಸುಳ್ಳು. ನಾನು ಹೇಳಿದ್ದರಲ್ಲಿ ನಿಜ ಒಂದೇ... ನನ್ನ ತಾಮ್ರಹೀರಿ ತಾಮ್ರ ಬಿಟ್ಟು ಬೇರೇನನ್ನೂ ಮುಟ್ಟೋದಿಲ್ಲ."