ಗ್ಯಾರೇಜಿನ ಹಿಂಗೋಡೆ

ಮಗಳ ಮನೆಯ ಗ್ಯಾರೇಜಿನಲ್ಲಿ ಸಾಮಾನು ಇಡಲು ಗೋಡೆಗೊಂದು ಹಲಗೆ ಹೊಡೆಯಬೇಕಿತ್ತು. ಅದರ ಕೆಳಗೇ ಮೊಮ್ಮಗಳು ಆಡುವ ಜಾಗ.

“ಅಪ್ಪಾ, ಗಟ್ಟಿ ಇರೋ ಕಡೆ ನೋಡಿ ಹೊಡಿ. ಹಲಗೆ ಕಿತ್ತುಬಂದ್ರೆ ಸುತ್ತಿಗೆ ಗಿತ್ತಿಗೆ ಮಗು ತಲೆ ಮೇಲೆ ಬಿದ್ದೀತು,” ಎಂದಳು ಮಗಳು.

“ನಿನ್ನ ತೊಟ್ಟಿಲು ಕಟ್ಟಿದವನೂ ನಾನೇ ಕಣಮ್ಮಾ. ಬಿದ್ದಿದ್ಯಾ?”

“ಬಿದ್ದಿದ್ದೆ ಅಂತ ಅಮ್ಮ ಹೇಳ್ತಾಳೆ.”

ಬೆರಳ ಗೆಣ್ಣಿನಿಂದ ಗೋಡೆಯನ್ನು ತಟ್ಟುತ್ತಾ ಹೋದೆ. ಗಿಲಾವು ಪೊಳ್ಳಾದ ಕಡೆ ಟೊಳ್ಳು ಸದ್ದು ಬಂತು. ಗಟ್ಟಿ ಇದ್ದ ಕಡೆ ತಟ್ಟಿದಾಗ, ಆಚೆಯಿಂದಲೂ ಯಾರೋ ತಟ್ಟಿದರು. ಅಳಿಯನ ತಮಾಷೆ ಎಂದುಕೊಂಡೆ. ಅಷ್ಟರಲ್ಲಿ ಅಳಿಯ ಬಾಗಿಲಿನಿಂದ ಟೀ ಹಿಡಿದು ಬಂದ.

“ಆಚೆ ಯಾರಿರ್ತಾರೆ ಮಾವ? ಬರೀ ಮಣ್ಣಿನ ದಿಬ್ಬ,” ಎಂದ.

ಇಲಿ ಇರಬೇಕೆಂದು ಅಲ್ಲೇ ಡ್ರಿಲ್ ಇಟ್ಟೆ. ಅದು ಸರ್ರನೆ ಒಳಕ್ಕೆ ಜಾರಿ ಗೋಡೆ ತೂತಾಯಿತು. ತೂತಿನಿಂದ ಬೆಚ್ಚಗಿನ ಗಾಳಿ ಮಣಿಕಟ್ಟಿಗೆ ತಾಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ತಾಗುತ್ತಿತ್ತು.

ಮುಚ್ಚಿಬಿಡೋಣವೆಂದು ಅಂಗಳದಿಂದ ಸಿಮೆಂಟು ತರಲು ಹೋದೆ. ಬರುವಷ್ಟರಲ್ಲಿ ತೂತು ತುಂಬಿತ್ತು. ಆಚೆಯಿಂದ ಒತ್ತಿದ ಹಸಿ ಸಿಮೆಂಟು ನಮ್ಮ ಕಡೆಗೆ ಉಬ್ಬಿ ಬಂದಿತ್ತು.

ಹಲಗೆ ಹೊಡೆಯಲಿಲ್ಲ. ಮಗು ಈಗ ಆಡುವುದು ಮನೆಯೊಳಗೆ. ಅಳಿಯ ಆಗಾಗ ಹೋಗಿ ಮುಟ್ಟಿ ನೋಡುತ್ತಾನೆ. ಎರಡು ಬೇಸಿಗೆ ಕಳೆದರೂ ಆ ಸಿಮೆಂಟು ಇನ್ನೂ ಒಣಗಿಲ್ಲ.